ಐಸ್‌ಗಡ್ಡೆಯೂ ಅಕ್ಕನ ಎರೆಹುಳುಗಳೂ

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು. ಗುರುತಿನ ಚೀಟಿಯಲ್ಲಿ ಬಿಟ್ಟರೆ ಅದು ಇನ್ನೆಲ್ಲೂ ಉಳಿದಿರಲಿಲ್ಲ. ಚಿಕ್ಕವನಿದ್ದಾಗಲೇ ಶಾಲೆಯ ಚೀಲ ಕೆಳಗಿಟ್ಟು ಐಸ್ ಫ್ಯಾಕ್ಟರಿಯ ಕೊಕ್ಕೆ ಹಿಡಿದವನು, ಐವತ್ತು ದಾಟಿದರೂ ಅದನ್ನು ಬಿಟ್ಟಿರಲಿಲ್ಲ. ಡಬ್ಬಿಯಿಂದ ಗಡ್ಡೆ ಕಳಚುವುದು, ಕೊಕ್ಕೆ ಹಾಕಿ ಎಳೆಯುವುದು, ಮರದ ಹೊಟ್ಟಿನಲ್ಲಿ ಹೂತಿಡುವುದು, ಲಾರಿಗೆ ಏರಿಸುವುದು. ಹೀಗಾಗಿ ಬೀದಿಗೆಲ್ಲ ಅವನು 'ಗಡ್ಡೆ'. ಹೆಸರೇನೋ ತಣ್ಣಗಿತ್ತು, ಮನುಷ್ಯ ಮಾತ್ರ ಕೆಂಡ. ನಲ್ಲಿಯಲ್ಲಿ ನೀರು ನಿಂತರೆ ನಲ್ಲಿಗೆ ಬೈಯುತ್ತಿದ್ದ, ಚಪ್ಪಲಿಯ ಉಂಗುಷ್ಠ ಕಿತ್ತರೆ ರಸ್ತೆಗೆ ಬೈಯುತ್ತಿದ್ದ.

"ಇವರದ್ದು ಕೈ ಮಾತ್ರ ಐಸು," ಎನ್ನುತ್ತಿದ್ದಳು ಅವನ ಹೆಂಡತಿ, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತ. "ಕುತ್ತಿಗೆಯಿಂದ ಮೇಲೆ ಒಲೆ. ಪಾತ್ರೆ ಇಟ್ಟರೆ ನೀರು ಕಾಯುತ್ತೆ."

ಕೈ ಐಸು ಎಂದದ್ದು ಬರೀ ತಮಾಷೆಯಲ್ಲ. ಅಷ್ಟು ವರ್ಷ ಗಡ್ಡೆ ಹಿಡಿದು ಹಿಡಿದು ಅವನ ಬೆರಳುಗಳು ಜಡವಾಗಿದ್ದವು. ಕುದಿಯುವ ಟೀ ಲೋಟ ಹಿಡಿದರೂ ಬಿಸಿ ಗೊತ್ತಾಗುತ್ತಿರಲಿಲ್ಲ. ಮೊಳೆ ಚುಚ್ಚಿದರೆ ರಕ್ತ ಕಂಡ ಮೇಲೆಯೇ ತಿಳಿಯುತ್ತಿತ್ತು.

ಆ ಮನೆಯಲ್ಲಿ ಇನ್ನೊಬ್ಬಳಿದ್ದಳು, ಅವನ ಅಕ್ಕ. ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ ಹಿಡಿದು ತಮ್ಮನ ಮನೆಗೆ ಬಂದಿದ್ದಳು. ಆಸ್ಪತ್ರೆಯ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸ. ದಿನವೂ ಸಂಜೆ ಚೀಲದ ತುಂಬ ಸಿಪ್ಪೆ ಹೊತ್ತು ತರುತ್ತಿದ್ದಳು. ಬಂದ ಹೊಸದರಲ್ಲಿ ಗಡ್ಡೆಗೆ ಇದು ಅರ್ಥವಾಗಲಿಲ್ಲ. ಆಸ್ಪತ್ರೆಯವರು ಬಿಸಾಡಿದ್ದನ್ನು ಮನೆಗೆ ಹೊತ್ತು ತರುವುದು ಯಾವ ಸೀಮೆಯ ಬುದ್ಧಿ? ಆಮೇಲೆ ಒಂದು ಭಾನುವಾರ ಅಡುಗೆಮನೆಯ ಮೂಲೆಯಲ್ಲಿ ಒಂದು ಹುಳು ನೆಲದ ಮೇಲೆ ನುಲಿಯುತ್ತಿರುವುದನ್ನು ಕಂಡ. ಜಾಡು ಹಿಡಿದು ಹೋದರೆ ಮಣೆಯ ಹಿಂದೆ ಒಂದು ಮರದ ಪೆಟ್ಟಿಗೆ. ಮುಚ್ಚಳ ತೆಗೆದರೆ ಒಳಗೆ ಸಿಪ್ಪೆ ಮೇಯುತ್ತಿದ್ದ ಸಾವಿರ ಎರೆಹುಳು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬ ಗಾದೆ ಅವನಿಗೂ ಗೊತ್ತಿತ್ತು. ಆದರೆ ಗಾದೆ ನೆನಪಾಗುವುದು ಯಾವಾಗಲೂ ಮೂಗು ಹೋದ ಮೇಲೆ. ಪೆಟ್ಟಿಗೆಯನ್ನು ಹೊತ್ತು ಮಹಡಿಯ ಮೇಲಕ್ಕೆ ಹೋದವನೇ, ನಡುಮಧ್ಯಾಹ್ನದ ಬಿಸಿಲಿಗೆ, ಕಾದ ಸಿಮೆಂಟಿನ ಮೇಲೆ ಬೋರಲು ಹಾಕಿಬಿಟ್ಟ. ಹತ್ತು ನಿಮಿಷವೂ ಬೇಕಾಗಲಿಲ್ಲ. ಎಲ್ಲ ಒಣಗಿದ ಹುರಿಯ ಹಾಗೆ ಆಗಿಹೋದವು.

ಅಕ್ಕ ಕೂಗಾಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವನೂ ಕೂಗಾಡುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ಅವಳು ಒಂದು ತಟ್ಟೆ ತಂದು, ಬಿಸಿಲಲ್ಲೇ ಕುಕ್ಕರಗಾಲಲ್ಲಿ ಕೂತು, ಒಂದೊಂದನ್ನೇ ಹೆಕ್ಕಿ ತಟ್ಟೆಗೆ ಹಾಕಿದಳು. ಆ ಮೇಲೆ ಹನ್ನೊಂದು ತಿಂಗಳು ತಮ್ಮನ ಜೊತೆ ಮಾತಿಲ್ಲ. ಊಟಕ್ಕೆ ಕರೆಯಬೇಕಾದರೆ ಗೋಡೆಗೆ ಹೇಳುತ್ತಿದ್ದಳು. "ಅಡುಗೆ ಆಗಿದೆಯಂತೆ ಗೋಡೆಯಪ್ಪಾ, ಬರೋರು ಬರಲಿ."

ಅದಾಗಿ ಒಂಬತ್ತು ವರ್ಷ. ಆ ವರ್ಷವೇ ಗಿಡದಂಗಡಿಯವನ ಹತ್ತಿರ ಒಂದು ಹಿಡಿ ಹುಳು ಕೇಳಿ ತಂದು ಅಕ್ಕ ಹೊಸದಾಗಿ ಶುರುಮಾಡಿದಳು. ಈ ಸಲ ಆಸ್ಪತ್ರೆಯಲ್ಲಿ ಬಟ್ಟೆ ನೆನೆಹಾಕುತ್ತಿದ್ದ, ತಳ ಸೀಳಿದ ದೊಡ್ಡ ಪ್ಲಾಸ್ಟಿಕ್ ತೊಟ್ಟಿ. ಬಚ್ಚಲಿಗೂ ಹಿಂದಿನ ಗೋಡೆಗೂ ನಡುವೆ ಬಿಸಿಲು ಬೀಳದ ಒಂದು ಸಂದಿ ಇತ್ತು. ಅಲ್ಲಿ ನಾಲ್ಕು ಇಟ್ಟಿಗೆಯ ಮೇಲೆ ತೊಟ್ಟಿ ಕೂರಿಸಿದಳು. ಸೀಳಿನಿಂದ ತೊಟ್ಟಿಕ್ಕುವ ಕಂದು ನೀರಿಗೆ ಕೆಳಗೊಂದು ಬೇಸಿನ್. ಮೇಲೊಂದು ಒದ್ದೆ ಗೋಣಿಚೀಲ. ಗಡ್ಡೆ ಆ ಸಂದಿಗೆ ಕಾಲಿಡಲಿಲ್ಲ. ಅಕ್ಕ ಕರೆಯಲೂ ಇಲ್ಲ. ಮಾತೇನೋ ಮತ್ತೆ ಶುರುವಾಗಿತ್ತು, ಆದರೆ ಅಂದಿನಿಂದ ಅಕ್ಕ ತನ್ನದು ಅಂತ ಯಾವುದನ್ನೂ ತಮ್ಮನ ಕೈಗೆ ಕೊಟ್ಟವಳಲ್ಲ, ಒಂದು ಬೀಗದ ಕೈಯನ್ನು ಕೂಡ.

ಅಂಥವಳು ಆ ಬೇಸಿಗೆಯಲ್ಲಿ ತಾನಾಗಿಯೇ ಬಂದು ಅವನ ಮುಂದೆ ನಿಂತಳು. ದೂರದ ಊರಿಗೆ ಮದುವೆಯಾಗಿ ಹೋಗಿದ್ದ ಅವಳ ಮಗಳಿಗೆ ಹೆರಿಗೆ ಹತ್ತಿರವಾಗಿತ್ತು. ಎರಡು ತಿಂಗಳಾದರೂ ಅಲ್ಲಿರಬೇಕು.

"ತೊಟ್ಟಿ ನೀನೇ ನೋಡ್ಕೋಬೇಕು ಕಣೋ."

ಗಡ್ಡೆಗೆ ತನ್ನ ಕಿವಿಯ ಮೇಲೆಯೇ ನಂಬಿಕೆ ಬರಲಿಲ್ಲ. "ನಾನಾ? ಇವಳಿಲ್ವಾ?"

"ನನಗೆ ಹುಳ ಅಂದ್ರೆ ಮೈ ಜುಂ ಅನ್ನುತ್ತೆ ಅತ್ತಿಗೆ, ದಮ್ಮಯ್ಯ," ಎಂದಳು ಹೆಂಡತಿ, ಯಂತ್ರದಿಂದ ತಲೆ ಎತ್ತದೆ.

"ಕೇಳಿದ್ಯಲ್ಲ," ಎಂದಳು ಅಕ್ಕ. "ಇನ್ಯಾರಿದ್ದಾರೆ? ಕಷ್ಟದ ಕೆಲಸ ಏನಲ್ಲ. ಕೈ ಹಾಕಿ ನೋಡು, ಒದ್ದೆ ಇದೆಯಾ ಅಂತ. ಮೂಗು ಹಾಕಿ ನೋಡು, ಮಳೆ ಬಿದ್ದ ಮಣ್ಣಿನ ವಾಸನೆ ಇರಬೇಕು. ನಿನ್ನ ಬುದ್ಧಿ ಮಾತ್ರ ಹಾಕಬೇಡ."

ಬಸ್ಸು ಹತ್ತುವಾಗ ಕಿಟಕಿಯಿಂದ ಇನ್ನೊಂದು ಮಾತು ಹೇಳಿದಳು. "ಇದು ನಿನಗೆ ಎರಡನೇ ಅವಕಾಶ ತಮ್ಮ. ಮೂರನೇ ಸಲ ಅಂತ ಇರಲ್ಲ."

ಆ ಮಾತು ಗಡ್ಡೆಯ ಎದೆಯಲ್ಲಿ ಕೊಕ್ಕೆಯ ಹಾಗೆ ಸಿಕ್ಕಿಕೊಂಡಿತು.

ಮೊದಲ ಹದಿನೈದು ದಿನ ಎಲ್ಲ ಸರಿಯಾಗಿತ್ತು. ಮಧ್ಯಾಹ್ನ ಫ್ಯಾಕ್ಟರಿಯಿಂದ ಬಂದವನು ಊಟಕ್ಕೂ ಮೊದಲು ಸಂದಿಗೆ ಹೋಗುತ್ತಿದ್ದ. ಆಮೇಲೆ ಬಿಸಿಲು ಏರಿತು. ಆ ವರ್ಷದ ಬಿಸಿಲು ಎಂಥದ್ದೆಂದರೆ, ನೆರಳಲ್ಲಿದ್ದ ಗೋಡೆಯೂ ಮುಟ್ಟಿದರೆ ಸುಡುತ್ತಿತ್ತು. ನಲ್ಲಿ ಬಿಟ್ಟರೆ ಮೊದಲ ಒಂದು ಬಕೆಟ್ ಬಿಸಿನೀರೇ ಬರುತ್ತಿತ್ತು. ಒಂದು ದಿನ ಗೋಣಿ ಎತ್ತಿ ನೋಡಿದರೆ, ಹುಳುಗಳೆಲ್ಲ ಮಣ್ಣು ಬಿಟ್ಟು ತೊಟ್ಟಿಯ ಅಂಚಿಗೆ ಏರಿ, ಮುಷ್ಟಿಗಾತ್ರದ ಗಂಟಾಗಿ ಒಂದನ್ನೊಂದು ಅಪ್ಪಿಕೊಂಡಿದ್ದವು. ಕೈ ಹಾಕಿ ನೋಡಿದ. ಅವನ ಕೈಗೇನು ಗೊತ್ತಾಗುತ್ತೆ? ಬಿಸಿಯೋ ತಂಪೋ, ಒದ್ದೆಯೋ ಒಣಗಲೋ, ಬೆರಳು ಏನೂ ಹೇಳಲಿಲ್ಲ. ಕೈ ಕೈಕೊಟ್ಟ ಮೇಲೆ ಉಳಿದದ್ದು ಒಂದೇ, ಅಕ್ಕ ಬೇಡ ಎಂದಿದ್ದ ಬುದ್ಧಿ.

ತಂಪು ಕಾಯುವುದರಲ್ಲಿ ಅವನಿಗಿಂತ ಬುದ್ಧಿವಂತ ಆ ಊರಲ್ಲಿ ಯಾರಿದ್ದರು? ಐಸಿನ ಕಾನೂನು ಅವನ ರಕ್ತದಲ್ಲೇ ಇತ್ತು. ತಂಪು ಕಳ್ಳನಿದ್ದ ಹಾಗೆ, ಸಣ್ಣ ತೂತು ಸಿಕ್ಕರೂ ಓಡಿಹೋಗುತ್ತದೆ. ತೂತು ಮುಚ್ಚು, ಹೊಟ್ಟು ತುಂಬು, ಗೋಣಿ ಸುತ್ತು, ಟಾರ್ಪಾಲು ಬಿಗಿ. ಗಾಳಿ ಆಡಬಾರದು. ಮರುದಿನ ಫ್ಯಾಕ್ಟರಿಯಿಂದ ಕಾಲು ಗಡ್ಡೆ ಐಸನ್ನು ಸೈಕಲ್ಲಿಗೆ ಕಟ್ಟಿ ತಂದ. ತೊಟ್ಟಿಯ ತಳದ ಸೀಳಿಗೆ ಹಳೆಯ ಬಟ್ಟೆ ತುರುಕಿ ಬಿಗಿದ. ಹುಳುಗಳ ಮೇಲೆ ಐಸು ಇಟ್ಟು, ಸುತ್ತ ಹೊಟ್ಟು ಒತ್ತಿ, ಎರಡು ಪದರ ಗೋಣಿ ಹೊದಿಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಹಗ್ಗದಿಂದ ಸುತ್ತ ಬಿಗಿದು ಗಂಟು ಹಾಕಿದ. ಲಾರಿಯಲ್ಲಿ ಇನ್ನೂರು ಮೈಲಿ ಹೋದರೂ ಒಂದು ಹನಿ ಕರಗದ ಗಂಟು.

"ಮೂರು ದಿನ ಯಾರೂ ಮುಟ್ಟಂಗಿಲ್ಲ," ಎಂದ ಹೆಂಡತಿಗೆ. "ನಾವು ಬೆವರು ಒರೆಸ್ಕೊಂಡು ಸಾಯ್ತಿದೀವಿ, ಅವು ಮಾತ್ರ ಸುಖವಾಗಿರ್ತಾವೆ ನೋಡು."

"ನನಗೂ ಒಂದು ಗಡ್ಡೆ ತಂದಿದ್ರೆ ಏನಾಗ್ತಿತ್ತು?"

"ನಿನಗೆ ನಾನಿದೀನಲ್ಲ."

"ಅದೇ ಬಂದಿರೋ ಕಷ್ಟ."

ಮೂರನೆಯ ದಿನ ಗಂಟು ಬಿಚ್ಚಿದ. ಹಾಳೆ ಎತ್ತುವ ಮೊದಲೇ ಮೂಗು ಹೇಳಿತು. ಮಳೆ ಬಿದ್ದ ಮಣ್ಣಿನ ವಾಸನೆಯಲ್ಲ. ಮುಚ್ಚಿಹೋದ ಮೋರಿಯ ವಾಸನೆ. ಕರಗಿದ ನೀರಿಗೆ ಹೋಗಲು ದಾರಿಯಿಲ್ಲದೆ ಮಣ್ಣು ಕೆಸರಾಗಿತ್ತು, ಗಾಳಿ ಇಲ್ಲದೆ ಕೆಸರು ಕೊಳೆತಿತ್ತು. ಹುಳುಗಳು ಬಿಳಿಚಿ, ನೀರಲ್ಲಿ ನೆನೆದ ದಾರದ ತುಂಡುಗಳಂತೆ ಮೇಲೆ ಬಿದ್ದಿದ್ದವು. ಅಲ್ಲಾಡಿಸಿದ. ಕೆದಕಿದ. ಒಂದೂ ಮಿಸುಕಲಿಲ್ಲ.

ಬೈಯೋಣವೆಂದರೆ ಯಾರಿಗೆ? ಬಾಯಿ ತೆರೆದ, ಸೂರ್ಯನ ಕಡೆ ನೋಡಿದ, ಮುಚ್ಚಿಕೊಂಡ. ಇಂಗು ತಿಂದ ಮಂಗನ ಹಾಗೆ ಬಚ್ಚಲ ಕಟ್ಟೆಯ ಮೇಲೆ ಕೂತುಬಿಟ್ಟ. ಮೊದಲ ಸಲ ಕೋಪದಿಂದ ಕೊಂದಿದ್ದ. ಈ ಸಲ ಅಕ್ಕರೆಯಿಂದ ಕೊಂದ. ಸತ್ತವಕ್ಕೆ ಏನು ವ್ಯತ್ಯಾಸ?

ಹೆಂಡತಿ ಬಂದು ಮೂಗಿಗೆ ಸೆರಗು ಹಿಡಿದು ನಿಂತಳು. ಆ ಹೊತ್ತಿಗೆ ಅವಳೂ ತಮಾಷೆ ಮಾಡಲಿಲ್ಲ. "ಗಿಡದಂಗಡಿಯೋರ ಹತ್ರ ಹೋಗ್ರೀ," ಎಂದಳಷ್ಟೆ.

ಗಿಡದಂಗಡಿಯವನು ಗಡ್ಡೆಯ ಮುಖ ನೋಡಿಯೇ ಅರ್ಧ ತಿಳಿದುಕೊಂಡ. ಉಳಿದರ್ಧ ಕೇಳಿ ತಲೆ ಚಚ್ಚಿಕೊಂಡ.

"ಅಣ್ಣಾ, ಐಸು ಉಸಿರಾಡಲ್ಲ, ಹುಳ ಉಸಿರಾಡುತ್ತೆ! ಚರ್ಮದಲ್ಲೇ ಉಸಿರಾಡುತ್ತೆ ಅದು. ತೂತು ಮುಚ್ಚಿದ್ರೆ ಮೂಗು ಮುಚ್ಚಿದ ಹಾಗೆ."

"ಒಂದು ಹಿಡಿ ಕೊಡು. ತಗೊಂಡು ಹೋಗಿ ಹಾಕಿಬಿಡ್ತೀನಿ. ಅಕ್ಕನಿಗೆ ಏನು ಗೊತ್ತಾಗುತ್ತೆ? ಹುಳದ ಮುಖ ಯಾರು ಗುರುತಿಡ್ತಾರೆ?"

ಅಂಗಡಿಯವನು ಒಂದು ಹಿಡಿ ಹುಳು ಮಣ್ಣು ಸಮೇತ ಚೀಲಕ್ಕೆ ಹಾಕಿಕೊಟ್ಟ. ಕೊಡುವಾಗ ಕೇಳಿದ: "ಆ ಕೆಸರು ಚೆಲ್ಲಿಬಿಟ್ರಾ?"

"ಇನ್ನೂ ಇಲ್ಲ."

"ಚೆಲ್ಲಬೇಡಿ. ಒಂದು ಸಲ ಸರಿಯಾಗಿ ನೋಡಿ. ಸಾಸಿವೆಗಿಂತ ಸ್ವಲ್ಪ ದಪ್ಪ, ನಿಂಬೆಹಣ್ಣಿನ ಆಕಾರ, ಜೇನಿನ ಬಣ್ಣ. ಅವು ಮೊಟ್ಟೆ. ಹುಳ ಸಾಯುತ್ತೆ ಅಣ್ಣ, ಹುಳದ ವಂಶ ಅಷ್ಟು ಸುಲಭಕ್ಕೆ ಸಾಯಲ್ಲ. ಗಾಳಿಗೆ ಹರಡಿ ಇಡಿ. ಕಾಯಿರಿ."

"ಎಷ್ಟು ದಿನ?"

"ಅದು ಅವಕ್ಕೇ ಗೊತ್ತು."

ಆ ಸಂಜೆ ಗಡ್ಡೆ ಹೊಸ ಹುಳುಗಳ ಚೀಲವನ್ನು ಮೊಳೆಗೆ ನೇತುಹಾಕಿ, ಕೆಸರನ್ನೆಲ್ಲ ಹಳೆಯ ಹಾಸಿನ ಮೇಲೆ ಹರಡಿ ಕೂತ. ಅವನ ಕಣ್ಣಿಗೆ ಎಲ್ಲ ಬರೀ ಮಣ್ಣು. ಹೆಂಡತಿ ಬಾಗಿಲಲ್ಲೇ ನಿಂತು, ಸೂಜಿಗೆ ದಾರ ಪೋಣಿಸುವಾಗ ಹಿಡಿಯುವ ಭೂತಗನ್ನಡಿಯನ್ನು ಕೈ ಚಾಚಿ ಕೊಟ್ಟಳು. ಗಾಜಿನ ಕೆಳಗೆ ಮೊದಲು ಮಣ್ಣಿನ ಕಾಳು ಕಂಡಿತು, ಸಿಪ್ಪೆಯ ನಾರು ಕಂಡಿತು. ಆಮೇಲೆ ಒಂದು ಕಂಡಿತು. ಎರಡು ತುದಿ ಚೂಪು, ನಡು ಉಬ್ಬು, ಜೇನಿನ ಬಣ್ಣ. ಅದರ ಪಕ್ಕ ಇನ್ನೊಂದು. ಆ ಮೇಲೆ ಕಣ್ಣಿಗೆ ದಾರಿ ಸಿಕ್ಕಿತು. ಎಲ್ಲಿ ನೋಡಿದರೂ ಅವೇ. ನೂರಿರಬಹುದೇ? ಇನ್ನೂರು?

"ಇವಕ್ಕೂ ಉಸಿರು ಕಟ್ಟಿರುತ್ತೆ," ಎಂದ.

"ನಿಮಗೇನ್ರೀ ಗೊತ್ತು? ನೀವು ಐಸು ತಜ್ಞರು."

ಮೊಳೆಯ ಮೇಲಿನ ಚೀಲ ಒಳಗೊಳಗೇ ಸಣ್ಣಗೆ ಅಲ್ಲಾಡುತ್ತಿತ್ತು. ಸುರಿದುಬಿಟ್ಟರೆ ಮುಗಿಯಿತು, ಇವತ್ತೇ ನೆಮ್ಮದಿ. ಆದರೆ ಒಮ್ಮೆ ಸುರಿದರೆ ಯಾವುದು ಅಕ್ಕನದು, ಯಾವುದು ಅಂಗಡಿಯದು ಅಂತ ತಾನೇ ಎಂದೂ ತಿಳಿಯಲಾರ. ಮೊಟ್ಟೆ ಒಡೆದರೂ ಗೊತ್ತಾಗದು, ಒಡೆಯದಿದ್ದರೂ ಗೊತ್ತಾಗದು. ಬೆಳಿಗ್ಗೆ ಫ್ಯಾಕ್ಟರಿಗೆ ಹೋಗುವ ದಾರಿಯಲ್ಲಿ ಚೀಲ ವಾಪಸು ಕೊಟ್ಟ.

"ಯಾಕಣ್ಣ?"

"ಇವು ಅಕ್ಕನವಲ್ಲ."

ಅಲ್ಲಿಂದ ಶುರುವಾಯಿತು ಕಾಯುವ ಕೆಲಸ. ಕಾಯುವುದೆಂದರೆ ಅವನಿಗೆ ಆಗದ ಕೆಲಸ. ಟೀ ಕಾಯುವುದಕ್ಕೂ ತಾಳ್ಮೆ ಇಲ್ಲದವನು. ಸೀಳಿನ ಬಟ್ಟೆ ಕಿತ್ತ. ತೊಟ್ಟಿ ತೊಳೆದು ಒಣಗಿದ ಎಲೆ, ಹರಿದ ರಟ್ಟು ಹಾಕಿ, ಹದಕ್ಕೆ ಬಂದ ಮಣ್ಣನ್ನು ಸಡಿಲವಾಗಿ ತುಂಬಿದ. ಒದ್ದೆಯ ಅಂದಾಜು ತನ್ನ ಕೈಗೆ ಸಿಗದ ಕಾರಣ ಹೆಂಡತಿಯ ಕಾಲು ಹಿಡಿಯುವುದೊಂದು ಬಾಕಿ. ಕೊನೆಗೆ ಅವಳು ಒಂದು ಹಿಡಿ ಮಣ್ಣು ಹಿಂಡಿ, ಮುಖ ಸಿಂಡರಿಸಿ, "ಎರಡು ಹನಿ ಬಂತು, ಸಾಕು," ಎಂದಳು. ಮರುದಿನದಿಂದ ಆ ಕೆಲಸ ಅವಳದೇ ಆಯಿತು. ಹುಳ ಸತ್ತಿರುವಷ್ಟು ದಿನ ನನಗೆ ಭಯವಿಲ್ಲ ಎಂದಳು.

ಹತ್ತು ಮೊಟ್ಟೆಗಳನ್ನು ಅವನು ಬೇರೆ ಇಟ್ಟ. ಪಿಂಗಾಣಿ ಬಸಿಯಲ್ಲಿ ಒದ್ದೆ ಕಾಗದ ಹಾಸಿ, ಅದರ ಮೇಲೆ ಸಾಲಾಗಿ. ದಿನವೂ ಮಧ್ಯಾಹ್ನ ಬಸಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಗಾಜಿನಲ್ಲಿ ನೋಡುವುದು, ನಿಟ್ಟುಸಿರು ಬಿಟ್ಟು ಇಡುವುದು.

ಭಾನುವಾರಕ್ಕೊಮ್ಮೆ ಅಕ್ಕನ ಫೋನು. ಮೊದಲು ಮಗಳ ವಿಚಾರ, ಆಮೇಲೆ, "ಹೇಗಿದಾವೋ?"

"ಇದಾವೆ."

"ಏನು ಹಾಕ್ತಿದೀಯ?"

"ಹಾಕ್ತಿದೀನಿ."

"ದನಿ ಯಾಕೋ ಹಂಗಿದೆ? ಶೀತನಾ?"

"ಐಸು ಅಲ್ವಾ," ಎಂದು ಫೋನಿಟ್ಟು ಬೆವರು ಒರೆಸಿಕೊಂಡ. ಹಣೆಯ ಮೇಲೆ ಇಷ್ಟು ಬೆವರು ಆ ಬೇಸಿಗೆಯೂ ತರಿಸಿರಲಿಲ್ಲ.

ಹದಿನಾರನೆಯ ದಿನ ಮೊಟ್ಟೆಗಳ ಬಣ್ಣ ಬದಲಾಯಿತು. ಜೇನು ಹೋಗಿ ಮಾಣಿಕ್ಯದ ಕೆಂಪು ತಿರುಗಿತ್ತು. ಕೊಳೆಯುತ್ತಿವೆ ಎಂದುಕೊಂಡ. ಬಸಿಯನ್ನು ಬೆಳಕಿಗೆ ಎತ್ತಿ ಹಿಡಿದು ಗಾಜಿನಲ್ಲಿ ನೋಡಿದ. ಆ ಸಾಸಿವೆ ಗಾತ್ರದ ಗೋಡೆಯ ಒಳಗೆ ಒಂದು ಕೆಂಪು ಎಳೆ ಇತ್ತು. ಆ ಎಳೆ ಹೊರಳಿತು.

ಅವನು ಕಣ್ಣುಜ್ಜಿಕೊಂಡ. ಮತ್ತೆ ನೋಡಿದ. ಒಂದಲ್ಲ, ಎರಡು ಎಳೆ, ಒಂದೇ ತೊಟ್ಟಿಲಲ್ಲಿ ಒಂದರ ಮೇಲೊಂದು ಮಗ್ಗುಲು ಬದಲಿಸುತ್ತಿದ್ದವು. ಉದ್ದಕ್ಕೂ ಸಣ್ಣ ಮಿಡಿತ ಹರಿಯುತ್ತಿತ್ತು. ಮೂರು ದಿನ ಕೊಳೆನೀರಲ್ಲಿ ಮುಳುಗಿ, ತಾಯಂದಿರೆಲ್ಲ ಪಕ್ಕದಲ್ಲೇ ಸತ್ತು ಬಿದ್ದಾಗ, ಇವು ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದವು.

"ಲೇ, ಬಾ ಇಲ್ಲಿ!"

"ಬಟ್ಟೆ ಸಿಕ್ಕಿದೆ ಯಂತ್ರದಲ್ಲಿ—"

"ಹಾಳಾಗಿಹೋಗಲಿ ಬಟ್ಟೆ! ಬಾ ಅಂದ್ರೆ!"

ಬಂದಳು, ನೋಡಿದಳು. ಹುಳು ಎಂದರೆ ಮೈ ಜುಂ ಎನ್ನುತ್ತಿದ್ದವಳು ಗಾಜನ್ನು ಗಂಡನಿಗೆ ತಿರುಗಿ ಕೊಡಲೇ ಇಲ್ಲ.

ಹತ್ತೊಂಬತ್ತನೆಯ ದಿನ ಮೊದಲನೆಯದು ಒಡೆಯಿತು. ಒಡೆಯಿತು ಅನ್ನುವುದೂ ದೊಡ್ಡ ಮಾತು. ಒಂದು ಚೂಪು ತುದಿ ಮೆಲ್ಲಗೆ ತೆರೆಯಿತು. ಅಲ್ಲಿಂದ ನಸುಗೆಂಪು ದಾರದ ತುದಿಯಂಥದ್ದು ಹೊರಗೆ ಬಂತು, ಅತ್ತಿತ್ತ ತಡಕಾಡಿತು, ಹಿಂದಕ್ಕೆ ಹೋಯಿತು. ಮತ್ತೆ ಬಂತು. ಗಡ್ಡೆ ಅರ್ಧ ಗಂಟೆ ಮಂಡಿಯೂರಿ ಕೂತಿದ್ದ. ಊಟ ಆರಿತು, ಕಾಲು ಜೋಮು ಹಿಡಿಯಿತು, ಏಳಲಿಲ್ಲ. ಯಾರೂ ಹೇಳಿಕೊಟ್ಟಿಲ್ಲ, ಯಾರೂ ಎಳೆಯುತ್ತಿಲ್ಲ, ಕೊಕ್ಕೆಯಿಲ್ಲ, ಹಗ್ಗವಿಲ್ಲ. ಅಷ್ಟು ಸಣ್ಣದು, ಅಷ್ಟು ದೊಡ್ಡ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿತ್ತು. ಇಡೀ ಜೀವಮಾನ ಸದ್ದು ಮಾಡಿಕೊಂಡೇ ಕೆಲಸ ಮಾಡಿದವನು ಗಾಜನ್ನು ಇನ್ನಷ್ಟು ಹತ್ತಿರ ಹಿಡಿದ.

ಪೂರ್ತಿ ಹೊರಬಂದ ಮೇಲೆ ಅದನ್ನು ಬೆರಳ ಮೇಲೆ ಎತ್ತಿಕೊಂಡ. ಬೆರಳಿಗೆ ತಿಳಿಯಲಿಲ್ಲ. ಅಂಗೈಗೆ ಬಿಟ್ಟ. ತಿಳಿಯಲಿಲ್ಲ. ಮಣಿಕಟ್ಟಿನ ಒಳಭಾಗಕ್ಕೆ ಬಿಟ್ಟ, ನಾಡಿ ಬಡಿಯುವ ಜಾಗಕ್ಕೆ. ಅಲ್ಲಿ ತಿಳಿಯಿತು. ಒದ್ದೆ ಕೂದಲೊಂದು ನಡೆದ ಹಾಗೆ.

ಆಮೇಲೆ ದಿನಕ್ಕೆ ನಾಲ್ಕು, ಹತ್ತು, ಇಪ್ಪತ್ತು. ತೊಟ್ಟಿಯ ಗೋಣಿ ಎತ್ತಿದರೆ ಮಣ್ಣು ತಾನೇ ಉಸಿರಾಡುವಂತೆ ಕಾಣುತ್ತಿತ್ತು. ದೂರದ ಊರಿಂದಲೂ ಸುದ್ದಿ ಬಂತು, ಮಗಳಿಗೆ ಹೆಣ್ಣುಮಗು, ಇಬ್ಬರೂ ಕ್ಷೇಮ. ಗಡ್ಡೆ ಫೋನಿನಲ್ಲಿ, "ಎಷ್ಟು ಹೊತ್ತಾಯ್ತು ಹೊರಗೆ ಬರೋಕೆ?" ಎಂದು ಕೇಳಿದ. ಅಕ್ಕ, "ನಿನಗೆ ಏನಾಗಿದೆಯೋ?" ಎಂದಳು.

ಎರಡು ತಿಂಗಳು ಮುಗಿದು ಅಕ್ಕ ಬಂದಳು. ಚೀಲ ಬಾಗಿಲಲ್ಲಿಟ್ಟು, ನೀರು ಕೂಡ ಕುಡಿಯದೆ ನೇರ ಸಂದಿಗೆ ನಡೆದಳು. ಗಡ್ಡೆ ಹಿಂದೆಯೇ ಹೋದ. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಬಾಯಿಗೆ ಬಂದು ಬಂದು ಹಲ್ಲಿನ ಹಿಂದೆ ನಿಲ್ಲುತ್ತಿತ್ತು. ತೊಟ್ಟಿಯ ತುಂಬ ಜೀವ ಓಡಾಡುತ್ತಿದೆ, ಸುಮ್ಮನಿದ್ದರೂ ನಡೆಯುತ್ತದೇನೋ.

ಅಕ್ಕ ಗೋಣಿ ಎತ್ತಿದಳು. ಮೂಗು ಹಾಕಿದಳು, ತಲೆಯಾಡಿಸಿದಳು. ಕೈ ಹಾಕಿದಳು, ಒಂದು ಹಿಡಿ ಎತ್ತಿ ಬಿಡಿಸಿ ನೋಡಿದಳು. ಇನ್ನೊಂದು ಹಿಡಿ. ಮೂಲೆಯಿಂದ ಮತ್ತೊಂದು. ಮುಖ ಗಂಟಿಕ್ಕಿತು.

"ಎಲ್ಲ ಒಂದೇ ವಯಸ್ಸಿನವು," ಎಂದಳು. "ಕೊರಳಲ್ಲಿ ಪಟ್ಟಿ ಇರೋ ಒಂದು ದೊಡ್ಡ ಹುಳನೂ ಇಲ್ಲ. ಈ ಮನೇಲಿ ಹಿರಿಯರೆಲ್ಲ ಎಲ್ಲಿ ಹೋದ್ರು?"

ಹುಳದ ಮುಖ ಗುರುತಿಡುವವರೂ ಇರುತ್ತಾರೆ ಎಂದು ಗಡ್ಡೆಗೆ ಆಗ ತಿಳಿಯಿತು. ಹೇಳಿಬಿಟ್ಟ. ಐಸು, ಬಟ್ಟೆ, ಹೊಟ್ಟು, ಪ್ಲಾಸ್ಟಿಕ್ಕು, ಗಂಟು, ಮೊಳೆಗೆ ನೇತುಹಾಕಿದ ಚೀಲ, ಎಲ್ಲ. "ಬುದ್ಧಿ ಹಾಕಿದೆ ಅಕ್ಕ," ಎಂದು ಮುಗಿಸಿ, ತಲೆ ತಗ್ಗಿಸಿ ನಿಂತ. ಇನ್ನು ಗೋಡೆಯ ಜೊತೆಗೇ ಮಾತು, ಈ ಸಲ ಹನ್ನೊಂದು ತಿಂಗಳಿಗೆ ಮುಗಿಯುವುದೂ ಇಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡ.

ಅಕ್ಕ ಅಂಗೈಯ ಮೇಲಿದ್ದ ಎಳೆ ಹುಳುಗಳನ್ನೇ ನೋಡುತ್ತಿದ್ದಳು. ಕೊನೆಗೆ, "ಎಷ್ಟನೇ ದಿನ ಬಂತು ಮೊದಲನೇದು?" ಎಂದಳು.

"ಹತ್ತೊಂಬತ್ತು."

"ಹೊರಗೆ ಬರೋದನ್ನ ನೀನೇ ನೋಡಿದೆಯಾ? ಕಣ್ಣಾರೆ?"

"ಹ್ಞೂಂ. ಮೊದಲು ಕೆಂಪಾಗುತ್ತೆ. ಒಳಗೆ ಹೊರಳೋದು ಕಾಣುತ್ತೆ. ಒಂದರಲ್ಲೇ ಎರಡು ಮೂರು ಇರ್ತಾವೆ. ತುದಿ ತೆರೆದು, ಬಂದು, ನಾಚಿಕೊಂಡ ಹಾಗೆ ಒಳಗೆ ಹೋಗಿ, ಮತ್ತೆ…" ಕೈಯಲ್ಲಿ ಮಾಡಿ ತೋರಿಸಲು ಹೋದ. ಆ ದಪ್ಪ, ಒರಟು ಬೆರಳುಗಳಿಂದ ಅದು ಆಗಲಿಲ್ಲ.

"ಒಂಬತ್ತು ವರ್ಷ ಸಾಕಿದೀನಿ ಕಣೋ," ಎಂದಳು ಅಕ್ಕ. ದನಿ ಸಣ್ಣಗಾಗಿತ್ತು. "ಸಿಪ್ಪೆ ಹಾಕ್ದೆ, ಗೊಬ್ಬರ ತೆಗೆದೆ. ಸಾವಿರಗಟ್ಟಲೆ ಹುಟ್ಟಿರಬೇಕು. ಒಂದೇ ಒಂದು ಹುಟ್ಟೋದನ್ನ ಕೂತು ನೋಡಲಿಲ್ಲ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ, ಕೇಳುವ ಮೊದಲೇ, ಭೂತಗನ್ನಡಿ ಹಿಡಿದು ಬಂದಳು. ಇನ್ನೊಂದು ಕೈಯಲ್ಲಿ ಬಸಿ. ಅದರಲ್ಲಿ ತಡವಾಗಿದ್ದ ಒಂದೇ ಒಂದು ಮೊಟ್ಟೆ ಉಳಿದಿತ್ತು, ಮೊನ್ನೆಯಷ್ಟೇ ಕೆಂಪು ತಿರುಗಿದ್ದು.

"ಅಕ್ಕ, ಬೈಯಲ್ವಾ?" ಎಂದ ಗಡ್ಡೆ.

"ಬೈತೀನಿ. ಅದಕ್ಕೇನು ಅವಸರ, ಸಾಯೋವರೆಗೂ ಬೈತೀನಿ," ಎಂದು ಅಕ್ಕ ಬಚ್ಚಲ ಕಟ್ಟೆಯ ಮೇಲೆ ಕೂತು, ಪಕ್ಕದಲ್ಲಿ ತಮ್ಮನಿಗೂ ಜಾಗ ಬಿಟ್ಟಳು. "ಮೊದಲು ಇದನ್ನ ಹಿಡಿ. ಬೆಳಕಿಗೆ ಹಿಡಿ. ಎಲ್ಲಿ ನೋಡಬೇಕು, ತೋರಿಸು."